ದೋಣಿ ಬಂಡಿ ಕಟ್ಟುವ ಮುನ್ನ

ತುಂಗಭದ್ರೆಯ ದಡದಲ್ಲಿ ಹರಿಗೋಲು ಸಾಗಿಸಲು ಗಾಡಿ ಬೇಕಿಲ್ಲ. ಅಂಬಿಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ಮಲ್ಪೆಯ ದೋಣಿಗೆ ಬಂದರೇ ಮನೆ. ಅಮೆರಿಕದ ಮಿನ್ನೆಸೋಟದಲ್ಲಿ ಮಾತ್ರ ದೋಣಿಯ ವಾಸ ಮನೆಯ ಅಂಗಳದಲ್ಲಿ. ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ ಆ ರಾಜ್ಯದಲ್ಲಿ 11,842 ಇವೆ. ಈ ವಾರ ಒಂದು ಸರೋವರ, ಮುಂದಿನ ವಾರ ಇನ್ನೊಂದು. ಮೇ ತಿಂಗಳಲ್ಲಿ ಮೀನು ಹಿಡಿಯುವ ಋತು ತೆರೆದ ಮೇಲೆ ಹೆದ್ದಾರಿಯಲ್ಲಿ ಕಾರಿನ ಬೆನ್ನಿಗೊಂದು ದೋಣಿ ಇರುವುದು ಅಲ್ಲಿ ದಿನನಿತ್ಯದ ನೋಟ.

ದೋಣಿಯನ್ನು ಹೊತ್ತ ಆ ಎರಡು ಚಕ್ರದ ಟ್ರೇಲರ್‌ ಅನ್ನು ಸಿದ್ಧವಾಗಿಯೇ ಕೊಳ್ಳಬಹುದು. ಬಿಡಿಭಾಗಗಳ ಕಿಟ್ ತರಿಸಿಕೊಂಡು ಗ್ಯಾರೇಜಿನಲ್ಲಿ ಕೂತು ಜೋಡಿಸಿಕೊಳ್ಳಲೂಬಹುದು. ಹೇಗೆ ಕೊಂಡರೂ ಅದನ್ನು ರಸ್ತೆಗೆ ಇಳಿಸುವ ಮುನ್ನ ಗೊತ್ತಿರಬೇಕಾದ ಸಂಗತಿಗಳು ಒಂದೇ. ಅಲ್ಲಿ ಮನೆ ಮಾಡಿಕೊಂಡು ಮೊದಲ ಸಲ ದೋಣಿ ಕೊಳ್ಳುವ ಕನ್ನಡಿಗರಿಗೆ ಇದರಲ್ಲಿ ಅರ್ಧ ಪಾಠ ಹೊಸದಲ್ಲ, ಏಕೆಂದರೆ ಈ ಟ್ರೇಲರ್ ಎತ್ತಿನ ಬಂಡಿಯ ಹತ್ತಿರದ ನೆಂಟ. ಮೂಕಿಯ ಜಾಗದಲ್ಲಿ ಉಕ್ಕಿನ ತೊಲೆ, ನೊಗದ ಜಾಗದಲ್ಲಿ ಕಾರಿನ ಹಿಂದಿನ ಗುಂಡು, ಕಡೆಗೀಲಿನ ಜಾಗದಲ್ಲಿ ಕಾಟರ್ ಪಿನ್, ಕೀಲೆಣ್ಣೆಯ ಜಾಗದಲ್ಲಿ ಗ್ರೀಸ್.

ದೊಡ್ಡ ವ್ಯತ್ಯಾಸ ಒಂದಿದೆ. ಬಂಡಿಯಲ್ಲಿ ಭಾರ ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತಿತ್ತು. ಹಿಂದಾದರೆ ನೊಗ ಮೇಲೆದ್ದು ಕೊರಳಿನ ಪಟ್ಟಿ ಬಿಗಿಯುತ್ತಿತ್ತು, ಎತ್ತು ನಡೆಯಲು ಒಲ್ಲೆ ಎನ್ನುತ್ತಿತ್ತು. ಚಕ್ರದ ನಡುವಿನ ಗುಂಬದಲ್ಲಿ ಎಣ್ಣೆ ಆರಿದರೆ ಚಕ್ರವೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಕಾರು ಹಾಗೆ ದೂರು ಹೇಳುವುದಿಲ್ಲ. ಭಾರ ತಪ್ಪಿರಲಿ, ಬೇರಿಂಗ್ ಒಣಗಿರಲಿ, ಅದು ತನ್ನ ಪಾಡಿಗೆ ಎಳೆದುಕೊಂಡು ಹೋಗುತ್ತದೆ. ತಪ್ಪು ಗೊತ್ತಾಗುವ ಹೊತ್ತಿಗೆ ವೇಗ ಗಂಟೆಗೆ 90 ಕಿಲೋಮೀಟರ್ ದಾಟಿರುತ್ತದೆ. ಎತ್ತು ಹೇಳುತ್ತಿದ್ದ ಮಾತನ್ನು ಇಲ್ಲಿ ತಕ್ಕಡಿ, ಟೇಪು ಮತ್ತು ನಮ್ಮ ಕೈಗಳಿಂದ ಕೇಳಿಸಿಕೊಳ್ಳಬೇಕು.

ಮೊದಲು ತೂಕದ ಲೆಕ್ಕ

ದೋಣಿಯ ಜಾಹೀರಾತಿನಲ್ಲಿ ಕಾಣುವ ತೂಕ ಬರಿಯ ದೋಣಿಯದು. ರಸ್ತೆಯ ಮೇಲೆ ಎಳೆಯುವುದು ಅದಕ್ಕಿಂತ ಬಹಳ ಹೆಚ್ಚು. ಹದಿನಾರು ಅಡಿಯ ಅಲ್ಯೂಮಿನಿಯಂ ಮೀನುಗಾರಿಕೆ ದೋಣಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದೋಣಿ 320 ಕಿಲೋ, 50 ಕುದುರೆಶಕ್ತಿಯ ಮೋಟಾರು 115, ಎರಡು ಬ್ಯಾಟರಿ 45. ಅರವತ್ತು ಲೀಟರ್ ಪೆಟ್ರೋಲು ಸುಮಾರು 45 ಕಿಲೋ. ಲಂಗರು, ಜೀವರಕ್ಷಕ ಜಾಕೆಟ್, ಐಸ್ ಡಬ್ಬ, ಗಾಳದ ಸಾಮಾನು ಸೇರಿ 75. ಟ್ರೇಲರ್‌ನ ಸ್ವಂತ ತೂಕ 220. ಕೂಡಿದರೆ 820 ಕಿಲೋ. ‘320 ಕಿಲೋ ದೋಣಿ’ ಎಂದುಕೊಂಡವರು ಎಳೆಯುತ್ತಿರುವುದು ಅದರ ಎರಡೂವರೆ ಪಟ್ಟು.

ಟ್ರೇಲರ್‌ನ ಚೌಕಟ್ಟಿಗೆ ಅಂಟಿಸಿದ ಫಲಕದಲ್ಲಿ ಜಿವಿಡಬ್ಲ್ಯುಆರ್ ಎಂಬ ಸಂಖ್ಯೆ ಇರುತ್ತದೆ. ಟ್ರೇಲರ್‌ನ ಸ್ವಂತ ತೂಕವೂ ಸೇರಿದಂತೆ ಅದು ತಾಳಬಲ್ಲ ಗರಿಷ್ಠ ತೂಕ ಇದು. ಇದನ್ನೇ ‘ಹೊರಬಹುದಾದ ಭಾರ’ ಎಂದು ಓದಿಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ಫಲಕದ ಸಂಖ್ಯೆಯಿಂದ ಟ್ರೇಲರ್‌ನ ತೂಕ ಕಳೆದರೆ ಉಳಿಯುವುದೇ ದೋಣಿಯ ಪಾಲು. ಆ ಪಾಲನ್ನು ತುದಿಮುಟ್ಟ ತುಂಬದೆ ಶೇ 15ರಷ್ಟಾದರೂ ಬಾಕಿ ಬಿಡುವುದು ಒಳ್ಳೆಯದು.

ಭಾರ ಹೊರುವುದು ಟ್ರೇಲರ್ ಒಂದೇ ಅಲ್ಲ. ಕಾರು, ಅದರ ಅಡಿಗೆ ಬಿಗಿದ ಹಿಚ್, ಅದರೊಳಗೆ ತೂರಿಸುವ ಗುಂಡಿನ ಕಂಬಿ, ಗುಂಡು, ಗುಂಡನ್ನು ಹಿಡಿಯುವ ಕಪ್ಲರ್, ಟೈರು, ಹೀಗೆ ಒಂದೊಂದಕ್ಕೂ ತನ್ನದೇ ಮಿತಿ ಕೆತ್ತಿರುತ್ತದೆ. ಅಮೆರಿಕದಲ್ಲಿ ಮೊದಲ ದರ್ಜೆಯ ಹಿಚ್‌ನ ಮಿತಿ 2,000 ಪೌಂಡು, ಎಂದರೆ ಸುಮಾರು 907 ಕಿಲೋ. ಎರಡನೆಯ ದರ್ಜೆಯದು 3,500 ಪೌಂಡು, ಸುಮಾರು 1,588 ಕಿಲೋ. ಇಡೀ ಸಾಲಿನಲ್ಲಿ ಅತಿ ಚಿಕ್ಕ ಸಂಖ್ಯೆ ಯಾವುದೋ ಅದೇ ನಿಮ್ಮ ಮಿತಿ. ಕಾರು 2,000 ಕಿಲೋ ಎಳೆಯುವಂಥದ್ದಾದರೂ ಗುಂಡಿನ ಮೇಲೆ 2,000 ಪೌಂಡು ಎಂದು ಕೆತ್ತಿದ್ದರೆ ಲೆಕ್ಕ ಅಲ್ಲಿಗೆ ಮುಗಿಯಿತು.

ಚೌಕಟ್ಟು: ಮೊದಲು ಮಟ್ಟ, ಆಮೇಲೆ ಬಿಗಿತ

ಕಿಟ್ ಬಿಚ್ಚಿದಾಗ ಸಿಗುವುದು ಸತು ಲೇಪಿಸಿದ ಉಕ್ಕಿನ ಅಥವಾ ಅಲ್ಯೂಮಿನಿಯಂನ ಎರಡು ಉದ್ದ ತೊಲೆ, ಮೂರು ನಾಲ್ಕು ಅಡ್ಡ ತೊಲೆ, ಮೂತಿಯ ತೊಲೆ, ಅಚ್ಚು, ಲಾರಿಯ ಅಡಿಯಲ್ಲಿ ಕಾಣುವಂಥ ಕಮಾನು ಪಟ್ಟಿಗಳು, ಮತ್ತು ಚೀಲದ ತುಂಬ ನಟ್ಟು ಬೋಲ್ಟು. ಸಮುದ್ರದ ನೀರಿಗೆ ಇಳಿಸುವುದಾದರೆ ಬರಿಯ ಬಣ್ಣ ಬಳಿದ ಉಕ್ಕು ಬೇಡ. ಉಪ್ಪು ಅದನ್ನು ಬೇಗ ತಿನ್ನುತ್ತದೆ.

ಸಮತಟ್ಟಾದ ನೆಲದಲ್ಲಿ ತೊಲೆಗಳನ್ನು ಹರಡಿ ಎಲ್ಲ ಬೋಲ್ಟುಗಳನ್ನೂ ಕೈಬಿಗಿತಕ್ಕಷ್ಟೇ ಹಾಕಿ. ಸ್ಪ್ಯಾನರ್ ಎತ್ತಿಕೊಳ್ಳುವುದು ಆಮೇಲೆ. ಗಾರೆ ಮೇಸ್ತ್ರಿ ಪಾಯ ಗುರುತಿಸುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿಯುತ್ತಾನಲ್ಲ, ಅದೇ ಕೆಲಸ ಇಲ್ಲಿಯೂ. ಚೌಕಟ್ಟಿನ ಎರಡು ಕರ್ಣಗಳು ಸಮವಿದ್ದರೆ ಮೂಲೆಗಳು ನೇರ. ಬಳಿಕ ಕಪ್ಲರ್‌ನ ನಡುವಿನಿಂದ ಅಚ್ಚಿನ ಎಡತುದಿಗೆ ಒಮ್ಮೆ, ಬಲತುದಿಗೆ ಒಮ್ಮೆ ಟೇಪು ಹಿಡಿಯಿರಿ. ಎರಡರ ನಡುವೆ ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಚ್ಚು ಓರೆಯಾಗಿ ಕೂತರೆ ಟ್ರೇಲರ್ ಏಡಿಯಂತೆ ಪಕ್ಕಕ್ಕೆ ವಾಲಿಕೊಂಡು ಬರುತ್ತದೆ, ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ.

ಕೆಲವು ಅಚ್ಚುಗಳ ನಡುಭಾಗ ತುಸು ಮೇಲಕ್ಕೆ ಬಾಗಿರುತ್ತದೆ. ಅದು ದೋಷವಲ್ಲ, ಭಾರ ಬಿದ್ದಾಗ ನೇರವಾಗಲಿ ಎಂದು ಹಾಗೆ ಮಾಡಿರುತ್ತಾರೆ. ಆ ಬಾಗು ಆಕಾಶದ ಕಡೆಗೇ ಇರಬೇಕು. ಕಮಾನು ಪಟ್ಟಿಯನ್ನು ಅಚ್ಚಿಗೆ ಹಿಡಿದಿಡುವ ಯು-ಬೋಲ್ಟುಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ, ನಾಲ್ಕೂ ನಟ್ಟುಗಳನ್ನು ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಹೊಸ ಲೋಹ ಮೊದಲ ಓಟದಲ್ಲಿ ಒಂದಿಷ್ಟು ಕುಳಿತುಕೊಳ್ಳುತ್ತದೆ. ಆದ್ದರಿಂದ ಮೊದಲ ಪ್ರಯಾಣ ಮುಗಿದ ಮೇಲೆ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ತಾಗಿಸಬೇಕು.

ಗುಂಬದೊಳಗಿನ ಗುಟ್ಟು

ದೋಣಿಯ ಟ್ರೇಲರ್ ದಾರಿಯಲ್ಲಿ ಕೈಕೊಟ್ಟರೆ ಮೊದಲು ಅನುಮಾನಿಸಬೇಕಾದದ್ದು ಚಕ್ರದ ಬೇರಿಂಗ್. ಬೇರೆ ಯಾವ ಟ್ರೇಲರ್‌ಗೂ ಇಲ್ಲದ ಕಷ್ಟ ಇದಕ್ಕಿದೆ. ಒಂದು ಗಂಟೆ ಹೆದ್ದಾರಿಯಲ್ಲಿ ಓಡಿದ ಗುಂಬ ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿ ಹಿಗ್ಗಿರುತ್ತದೆ. ಬಂದವರೇ ನೇರವಾಗಿ ರ‍್ಯಾಂಪ್ ಇಳಿಸಿ ತಣ್ಣನೆಯ ನೀರಿಗೆ ಮುಳುಗಿಸಿದರೆ ಗಾಳಿ ತಟ್ಟನೆ ಕುಗ್ಗುತ್ತದೆ. ಒಳಗೆ ಉಂಟಾದ ಆ ಕೊರತೆ ತುಂಬಲು ಸೀಲಿನ ಅಂಚಿನಿಂದ ನೀರು ನುಗ್ಗುತ್ತದೆ. ನೀರು ಬೆರೆತ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿ ಜಿಡ್ಡು ಕಳೆದುಕೊಳ್ಳುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಮುಂದಿನ ಪ್ರಯಾಣದಲ್ಲಿ ಬೇರಿಂಗ್ ಸುಟ್ಟು ಚಕ್ರವೇ ಕಳಚಿಕೊಳ್ಳಬಹುದು.

ಇದಕ್ಕೆ ಮೂರು ಉಪಾಯ. ಮೊದಲನೆಯದು, ನೀರಿಗಿಳಿಸುವ ಮುನ್ನ ಗುಂಬ ಆರುವ ತನಕ ಕಾಯುವುದು. ಆ ಹೊತ್ತಿನಲ್ಲಿ ದೋಣಿಗೆ ಸಾಮಾನು ತುಂಬಿಕೊಳ್ಳಬಹುದು. ಎರಡನೆಯದು, ನೀರಿಗೆ ಕರಗದ, ದೋಣಿ ಟ್ರೇಲರ್‌ಗೆಂದೇ ಮಾಡಿದ ಗ್ರೀಸು. ಮೂರನೆಯದು, ಸ್ಪ್ರಿಂಗ್ ಇರುವ ಗ್ರೀಸ್ ಮುಚ್ಚಳ. ಅಮೆರಿಕದಲ್ಲಿ ಇದನ್ನು ಬೇರಿಂಗ್ ಬಡ್ಡಿ ಎಂಬ ಬ್ರ್ಯಾಂಡಿನ ಹೆಸರಿನಿಂದಲೇ ಕರೆಯುವವರು ಹೆಚ್ಚು. ಅದರ ಸ್ಪ್ರಿಂಗು ಒಳಗಿನ ಗ್ರೀಸನ್ನು ಸದಾ ಮೆತ್ತಗೆ ಒತ್ತಿಹಿಡಿದು ಹೊರಗಿನ ನೀರಿಗೆ ಜಾಗ ಕೊಡುವುದಿಲ್ಲ. ಆದರೆ ಗ್ರೀಸ್ ಗನ್ನಿನಿಂದ ಅತಿಯಾಗಿ ತುಂಬಿದರೆ ಹಿಂದಿನ ಸೀಲೇ ಹೊರಬಿದ್ದು ಮಾಡಿದ ಉಪಾಯ ವ್ಯರ್ಥವಾಗುತ್ತದೆ.

ಬೇರಿಂಗ್ ಜೋಡಿಸುವ ಕ್ರಮ ಹೀಗೆ. ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು ಬೇರಿಂಗ್‌ನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತ ಬನ್ನಿ. ಉರುಳೆಗಳ ಸಂದಿಯಿಂದ ಮೇಲ್ಬದಿಗೆ ಗ್ರೀಸು ಉಕ್ಕಿದಾಗಲಷ್ಟೇ ಅದು ತುಂಬಿದೆ ಎಂದು ತಿಳಿಯಬೇಕು. ಮೇಲೆ ಸವರಿದರೆ ಸಾಲದು. ಒಳ ಬೇರಿಂಗ್, ಸೀಲು, ಗುಂಬ, ಹೊರ ಬೇರಿಂಗ್, ವಾಷರ್, ಕೊನೆಗೆ ಕೋಟೆಯ ತೆನೆಯಂತೆ ಕಚ್ಚುಗಳಿರುವ ನಟ್ಟು. ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಬೇರಿಂಗ್ ತನ್ನ ಜಾಗದಲ್ಲಿ ಕೂರಲಿ. ಬಳಿಕ ಅದನ್ನು ಸಡಿಲಿಸಿ, ಬೆರಳಿನ ಬಿಗಿತಕ್ಕೆ ತಂದು, ಅಚ್ಚಿನ ತೂತಿಗೆ ನಟ್ಟಿನ ಕಚ್ಚು ಸರಿಹೊಂದುವಂತೆ ಕಾಟರ್ ಪಿನ್ ತೂರಿಸಿ ಅದರ ಕಾಲುಗಳನ್ನು ಮಡಿಚಿ. ಚಕ್ರ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬಾರದು. ಅತಿ ಬಿಗಿಯಾದರೆ ಬೇರಿಂಗ್ ಸುಡುತ್ತದೆ, ಅತಿ ಸಡಿಲವಾದರೆ ಚಕ್ರ ಕುಣಿಯುತ್ತದೆ. ಒಮ್ಮೆ ತೆಗೆದ ಹಳೆಯ ಪಿನ್ನನ್ನು ಮತ್ತೆ ಬಳಸಬೇಡಿ. ಇಡೀ ಬಂಡಿಯಲ್ಲಿ ಅತಿ ಅಗ್ಗದ ವಸ್ತು ಅದೇ, ಚಕ್ರ ಕಳಚದಂತೆ ಕಾಯುವುದೂ ಅದೇ.

ಟೈರು ಮತ್ತು ಚಕ್ರದ ನಟ್ಟು

ಟ್ರೇಲರ್ ಟೈರಿನ ಪಕ್ಕದಲ್ಲಿ ಅಳತೆಗೆ ಮುಂಚೆ ಎಸ್‌ಟಿ ಎಂಬ ಅಕ್ಷರಗಳಿರುತ್ತವೆ. ಇವುಗಳ ಪಕ್ಕದ ಗೋಡೆ ಕಾರಿನ ಟೈರಿಗಿಂತ ಗಟ್ಟಿ, ಹೊರುವುದಕ್ಕೆಂದೇ ಮಾಡಿದ್ದು. ಅದಕ್ಕೆ ಬದಲಾಗಿ ಕಾರಿನ ಹಳೆಯ ಟೈರು ಸಿಕ್ಕಿಸುವುದು ಸಲ್ಲದು. ಗಾಳಿಯನ್ನು ಟೈರು ತಣ್ಣಗಿದ್ದಾಗ, ಫಲಕದಲ್ಲಿ ಹೇಳಿದಷ್ಟು ತುಂಬಬೇಕು. ಎಸ್‌ಟಿ ಟೈರಿನಲ್ಲಿ ಅದು ಸಾಮಾನ್ಯವಾಗಿ ಟೈರಿನ ಮೇಲೆ ಅಚ್ಚಾದ ಗರಿಷ್ಠ ಒತ್ತಡವೇ ಆಗಿರುತ್ತದೆ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತ ಬಿಸಿಯೇರಿ ಹರಿಯುತ್ತದೆ. ಬೇರೆ ವೇಗಮಿತಿ ನಮೂದಿಸದ ಎಸ್‌ಟಿ ಟೈರುಗಳನ್ನು ಗಂಟೆಗೆ 65 ಮೈಲಿ, ಎಂದರೆ ಸುಮಾರು 105 ಕಿಲೋಮೀಟರಿಗಿಂತ ವೇಗವಾಗಿ ಓಡಿಸಬಾರದು.

ದೋಣಿಯ ಟೈರು ಸವೆಯುವ ಮುನ್ನವೇ ಮುದಿಯಾಗುತ್ತದೆ. ವರ್ಷದ ಬಹುಪಾಲು ಬಿಸಿಲಲ್ಲಿ ನಿಂತೇ ಇರುವುದರಿಂದ ಗೀರುಗಳು ಮಾಸದಿದ್ದರೂ ರಬ್ಬರು ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿರುವ ಡಿಓಟಿ ಸಾಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ಹುಟ್ಟಿದ ಟೈರು. ಐದಾರು ವರ್ಷ ದಾಟಿದ್ದನ್ನು ಬದಲಿಸಿಬಿಡುವುದು ಜಾಣತನ. ಸ್ಟೆಪ್ನಿ ಮರೆಯಬೇಡಿ. ಕಾರಿನ ಜಾಕ್ ಟ್ರೇಲರ್‌ನ ಅಚ್ಚಿನಡಿ ಹಿಡಿಯುತ್ತದೆಯೇ, ಕಾರಿನ ಸ್ಪ್ಯಾನರ್ ಟ್ರೇಲರ್ ನಟ್ಟಿಗೆ ಕೂರುತ್ತದೆಯೇ ಎಂದು ಅಂಗಳದಲ್ಲೇ ನೋಡಿಕೊಳ್ಳಿ. ಹಲವು ಸಲ ಎರಡೂ ಕೂರುವುದಿಲ್ಲ.

ಚಕ್ರದ ನಟ್ಟುಗಳನ್ನು ಸುತ್ತಿನ ಸಾಲಿನಲ್ಲಿ ಬಿಗಿಯದೆ, ಒಂದರ ಬಳಿಕ ಅದರ ಎದುರಿನದನ್ನು, ನಕ್ಷತ್ರ ಬರೆದಂತೆ ಬಿಗಿಯಬೇಕು. ಅರ್ಧ ಇಂಚಿನ ಬೋಲ್ಟಿಗೆ ಸಾಮಾನ್ಯವಾಗಿ 90ರಿಂದ 120 ಅಡಿ-ಪೌಂಡು ಟಾರ್ಕ್ ಹೇಳುತ್ತಾರೆ. ನಿಮ್ಮ ಟ್ರೇಲರ್‌ನ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಹೊಸ ಚಕ್ರ ಹಾಕಿದಾಗ 10, 25 ಮತ್ತು 50 ಮೈಲಿ ಓಡಿದ ಬಳಿಕ ನಿಲ್ಲಿಸಿ ಟಾರ್ಕ್ ರೆಂಚ್ ಹಿಡಿಯುವುದು ರೂಢಿ.

ದೋಣಿಯ ಹಾಸಿಗೆ

ದೋಣಿ ಕೂರುವುದು ಕಾರ್ಪೆಟ್ ಹೊದಿಸಿದ ಉದ್ದನೆಯ ಮರದ ಹಲಗೆಗಳ ಮೇಲೆ ಅಥವಾ ರಬ್ಬರ್ ಉರುಳೆಗಳ ಮೇಲೆ. ಇಳಿಜಾರು ಕಡಿಮೆ ಇರುವ ದಡಗಳಲ್ಲಿ ಉರುಳೆ ಸುಲಭ. ಹಲಗೆಯಾದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಹಲಗೆಯ ಹಿಂತುದಿ ದೋಣಿಯ ಹಿಂಬದಿಯ ಗೋಡೆಯವರೆಗೆ ಚಾಚಿರಲೇಬೇಕು. ಮೋಟಾರಿನ ಭಾರವೆಲ್ಲ ಇರುವುದು ಅಲ್ಲಿ. ಆಸರೆ ಅದಕ್ಕೂ ಮುಂಚೆಯೇ ನಿಂತುಹೋದರೆ ತಳ ನಿಧಾನವಾಗಿ ಬಾಗಿ ದೋಣಿಯ ಓಟವೇ ಕೆಡುತ್ತದೆ.

ಗೆದ್ದಲು, ಕೊಳೆ ತಡೆಯಲು ತಾಮ್ರದ ರಾಸಾಯನಿಕ ಕುಡಿಸಿದ ಮರ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅಲ್ಯೂಮಿನಿಯಂ ದೋಣಿಯ ಕೆಳಗೆ ಅದನ್ನು ಇಡಬೇಡಿ. ಒದ್ದೆಯಾದಾಗ ತಾಮ್ರವೂ ಅಲ್ಯೂಮಿನಿಯಮ್ಮೂ ಸೇರಿ ಸಣ್ಣ ಬ್ಯಾಟರಿಯಂತಾಗಿ ದೋಣಿಯ ತಳವನ್ನೇ ತಿನ್ನುತ್ತವೆ.

ಮುಂದೆ ನಿಲ್ಲಿಸಿದ ಕಂಬದಲ್ಲಿ ವಿಂಚ್ ಇರುತ್ತದೆ, ಅದರ ಪಟ್ಟಿ ದೋಣಿಯ ಮೂತಿಯ ಕೊಕ್ಕೆಗೆ. ದೋಣಿಯನ್ನು ಟ್ರೇಲರ್ ಮೇಲಕ್ಕೆ ಎಳೆದುಕೊಳ್ಳುವುದಷ್ಟೇ ವಿಂಚ್‌ನ ಕೆಲಸ. ರಸ್ತೆಯಲ್ಲಿ ಹಿಡಿದಿಡುವ ಹೊಣೆಯನ್ನು ಅದೊಂದಕ್ಕೇ ಒಪ್ಪಿಸಬಾರದು. ಮೂತಿಗೆ ಬೇರೆಯದೇ ಸರಪಳಿ ಇರಲಿ, ಹಿಂಬದಿಯ ಎರಡು ಮೂಲೆಗಳನ್ನು ಟ್ರೇಲರ್‌ನ ಚೌಕಟ್ಟಿಗೆ ರ‍್ಯಾಚೆಟ್ ಪಟ್ಟಿಗಳಿಂದ ಬಿಗಿಯಿರಿ. ದೋಣಿಯೂ ಟ್ರೇಲರೂ ಒಂದೇ ವಸ್ತುವಿನಂತೆ ನೆಗೆಯಬೇಕು, ಒಂದರ ಮೇಲೊಂದು ಕುಪ್ಪಳಿಸಬಾರದು.

ಮೂಕಿಯ ತೂಕ

ಇಡೀ ವಿಷಯದ ಜೀವಾಳ ಇಲ್ಲಿದೆ. ಕಪ್ಲರ್ ಗುಂಡಿನ ಮೇಲೆ ಎಷ್ಟು ಒತ್ತುತ್ತದೆಯೋ ಅದು ಮೂಕಿಯ ತೂಕ. ಅಮೆರಿಕದಲ್ಲಿ ಸಾಮಾನ್ಯ ಟ್ರೇಲರ್‌ಗಳಿಗೆ ಒಟ್ಟು ತೂಕದ ಶೇ 10ರಿಂದ 15 ಇರಲಿ ಎನ್ನುತ್ತಾರೆ. ದೋಣಿಯ ಟ್ರೇಲರ್‌ಗಳಿಗೆ ಇದಕ್ಕಿಂತ ಕಡಿಮೆ ಹೇಳುವ ತಯಾರಕರೂ ಇದ್ದಾರೆ. ಯುರೋಪಿನ ಕಾರುಗಳಲ್ಲಿ ಮಿತಿ ಇನ್ನೂ ಕಡಿಮೆ. ಎಲ್ಲಿದ್ದರೂ ಕಾರಿನ ಮತ್ತು ಟ್ರೇಲರ್‌ನ ಪುಸ್ತಕಗಳೆರಡನ್ನೂ ಮೀರಬಾರದು. ನಮ್ಮ 820 ಕಿಲೋ ಭಾರಕ್ಕೆ ಶೇ 10 ಎಂದರೆ 82 ಕಿಲೋ.

ಇದು ಏಕೆ ಇಷ್ಟು ಮುಖ್ಯ? ಓಡುತ್ತಿರುವ ಟ್ರೇಲರ್‌ಗೆ ಪಕ್ಕದ ಲಾರಿಯ ಗಾಳಿ ಬಡಿದು ಅದು ಒಂದಿಷ್ಟು ಬಲಕ್ಕೆ ಸರಿಯಿತು ಎನ್ನಿ. ಭಾರದ ನಡುಬಿಂದು ಅಚ್ಚಿಗಿಂತ ಸಾಕಷ್ಟು ಮುಂದಿದ್ದರೆ ಟೈರುಗಳು ಅದನ್ನು ಹಿಂದಿನಿಂದ ಸಾಲಿಗೆ ಎಳೆಯುತ್ತವೆ, ಓಲಾಟ ತಾನೇ ಅಡಗುತ್ತದೆ. ಭಾರ ಅಚ್ಚಿನ ಹಿಂದಕ್ಕೆ ಸರಿದಿದ್ದರೆ ಬಲಕ್ಕೆ ಹೋದದ್ದು ಎಡಕ್ಕೆ ಇನ್ನೂ ಜೋರಾಗಿ ಬರುತ್ತದೆ, ಮತ್ತೆ ಬಲಕ್ಕೆ ಅದಕ್ಕೂ ಜೋರಾಗಿ. ವೇಗ ಏರಿದಷ್ಟೂ ಓಲಾಟ ಬೆಳೆಯುತ್ತದೆ. ಬಾಲ ನಾಯಿಯನ್ನು ಅಲ್ಲಾಡಿಸುವ ಸ್ಥಿತಿ ಬಂದು ಕಾರೇ ರಸ್ತೆ ಬಿಡಬಹುದು. ಮೂಕಿಯ ತೂಕ ಅತಿಯಾದರೂ ಕೇಡೇ. ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟಿಯರಿಂಗು ಮತ್ತು ಬ್ರೇಕು ಎರಡರ ಹಿಡಿತವೂ ಕಮ್ಮಿಯಾಗುತ್ತದೆ.

ಅಳೆಯಲು ಬಚ್ಚಲುಮನೆಯ ತೂಕದ ಯಂತ್ರ ಸಾಕು. ದೋಣಿ, ಪೆಟ್ರೋಲು, ಸಾಮಾನು ಎಲ್ಲ ತುಂಬಿ, ಟ್ರೇಲರ್‌ ಅನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಕಪ್ಲರ್ ಅನ್ನು ಎಳೆಯುವಾಗ ಇರುವ ಎತ್ತರಕ್ಕೇ ತಂದು ಅದರಡಿ ಗಟ್ಟಿ ಕೋಲಿಟ್ಟು ಯಂತ್ರದ ಮೇಲೆ ನಿಲ್ಲಿಸಿದರೆ ಅಂಕಿ ಸಿಗುತ್ತದೆ. ತೂಕ ಯಂತ್ರದ ಮಿತಿ ದಾಟುವಂತಿದ್ದರೆ ಸನ್ನೆಕೋಲಿನ ಉಪಾಯವಿದೆ. ಮೂರಡಿಗಿಂತ ತುಸು ಉದ್ದದ ಗಟ್ಟಿ ತೊಲೆಯ ಒಂದು ತುದಿಗೆ ಇಟ್ಟಿಗೆಯ ಆಸರೆ, ಇನ್ನೊಂದು ತುದಿಗೆ ಯಂತ್ರ. ಎರಡೂ ಆಸರೆಗಳ ನಡುವೆ ಸರಿಯಾಗಿ ಮೂರಡಿ ಇರಲಿ. ಕಪ್ಲರ್‌ನ ಭಾರ ಇಟ್ಟಿಗೆಯಿಂದ ಒಂದಡಿ, ಯಂತ್ರದಿಂದ ಎರಡಡಿ ದೂರದಲ್ಲಿ ಬೀಳಲಿ. ಯಂತ್ರ ತೋರಿಸುವ ಅಂಕಿಯ ಮೂರು ಪಟ್ಟು ಮೂಕಿಯ ತೂಕ. ಬರಿಯ ತೊಲೆಗೆ ಯಂತ್ರ ತೋರಿಸುವ ಅಂಕಿಯನ್ನು ಮೊದಲೇ ನೋಡಿಟ್ಟುಕೊಂಡು, ಮೂರರಿಂದ ಗುಣಿಸುವ ಮುನ್ನ ಕಳೆಯಬೇಕು.

ಅಂಕಿ ಕಡಿಮೆ ಬಂದರೆ ಬ್ಯಾಟರಿ, ಐಸ್ ಡಬ್ಬಗಳನ್ನು ಮುಂದಕ್ಕೆ ಸರಿಸಿ. ಅದೂ ಸಾಲದಿದ್ದರೆ ವಿಂಚ್ ಕಂಬವನ್ನೇ ಮುಂದಕ್ಕೆ ತಂದು ದೋಣಿಯನ್ನು ಮುಂದೆ ಕೂರಿಸಿ, ಆದರೆ ಹಿಂಬದಿಗೆ ಹಲಗೆಯ ಆಸರೆ ತಪ್ಪದಿರಲಿ. ಅಚ್ಚು ಸರಿಸಬಹುದಾದ ಟ್ರೇಲರ್ ಆದರೆ ಅಚ್ಚನ್ನು ಹಿಂದಕ್ಕೆ ಒಯ್ದರೂ ಮೂಕಿಯ ತೂಕ ಏರುತ್ತದೆ. ಬಂಡಿಗೆ ಹುಲ್ಲು ಹೇರುವವರು ಮೂಕಿಯನ್ನು ಕೈಯಲ್ಲೆತ್ತಿ ನೋಡಿ ಮಾಡುತ್ತಿದ್ದ ಲೆಕ್ಕವೇ ಇದು.

ಕೊಂಡಿ ಮತ್ತು ಸರಪಳಿ

ಅಮೆರಿಕದಲ್ಲಿ ಗುಂಡುಗಳು ಮುಖ್ಯವಾಗಿ ಮೂರು ಅಳತೆಯವು: ಒಂದೂ ಏಳೆಂಟಾಂಶ ಇಂಚು, ಎರಡು ಇಂಚು, ಎರಡೂ ಐದು ಹದಿನಾರಾಂಶ ಇಂಚು. ಆಸ್ಟ್ರೇಲಿಯ, ಯುರೋಪುಗಳಲ್ಲಿ 50 ಮಿಲಿಮೀಟರಿನ ಗುಂಡು ಸಾಮಾನ್ಯ. ಎರಡು ಇಂಚಿನ ಕಪ್ಲರ್ ಚಿಕ್ಕ ಗುಂಡಿನ ಮೇಲೂ ಕೂತಂತೆ ಕಾಣುತ್ತದೆ, ಲಾಚ್ ಕೂಡ ಮುಚ್ಚಿಕೊಳ್ಳುತ್ತದೆ. ಮೊದಲ ದೊಡ್ಡ ಗುಂಡಿಯಲ್ಲಿ ಅದು ಎಗರಿ ಹೊರಬರುತ್ತದೆ. ಎರಡರ ಮೇಲೂ ಕೆತ್ತಿದ ಅಳತೆ ಓದಿ ಹೊಂದಿಸಿ.

ಕಪ್ಲರ್ ಇಳಿಸಿ ಲಾಚ್ ಹಾಕಿ ಅದಕ್ಕೊಂದು ಪಿನ್ ತೂರಿಸಿದ ಬಳಿಕ, ಟ್ರೇಲರ್‌ನ ಜಾಕ್‌ನಿಂದಲೇ ಮೂತಿಯನ್ನು ಮತ್ತೆ ಮೇಲೆತ್ತಿ ನೋಡಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿತ ಸರಿ. ಕಪ್ಲರ್ ಒಂದೇ ಮೇಲೆದ್ದರೆ ಅದು ಗುಂಡಿನ ನೆತ್ತಿಯ ಮೇಲೆ ಕೂತಿತ್ತೇ ಹೊರತು ಕಚ್ಚಿಕೊಂಡಿರಲಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಯಾವ ದಿನವೂ ಬಿಡಬೇಡಿ.

ಸುರಕ್ಷಾ ಸರಪಳಿ ಎರಡು. ಅವನ್ನು ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಯಿಸಿ ಕಾರಿಗೆ ಸಿಕ್ಕಿಸಬೇಕು. ಕಪ್ಲರ್ ಕಳಚಿದರೆ ಮೂತಿ ಆ ತೊಟ್ಟಿಲಿಗೆ ಬೀಳುತ್ತದೆ, ರಸ್ತೆಗೆ ನೆಟ್ಟುಕೊಳ್ಳುವುದಿಲ್ಲ. ತಿರುವಿಗೆ ಬೇಕಾದಷ್ಟು ಸಡಿಲವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ದೀಪ ಮತ್ತು ಬ್ರೇಕು

ಚಿಕ್ಕ ಟ್ರೇಲರ್‌ಗಳ ದೀಪಕ್ಕೆ ಅಮೆರಿಕದಲ್ಲಿ ನಾಲ್ಕು ತಂತಿಯ ಚಪ್ಪಟೆ ಪ್ಲಗ್ ಬಳಕೆಯಲ್ಲಿದೆ. ಬಿಳಿ ತಂತಿ ಅರ್ಥಿಂಗು, ಕಂದು ಹಿಂದೀಪಕ್ಕೆ, ಹಳದಿ ಎಡ ತಿರುವು ಮತ್ತು ಬ್ರೇಕಿಗೆ, ಹಸಿರು ಬಲ ತಿರುವು ಮತ್ತು ಬ್ರೇಕಿಗೆ. ದೀಪ ಮಿಣುಕಿದರೆ, ಎಡಕ್ಕೆ ಹಾಕಿದ ಸಿಗ್ನಲ್ಲಿಗೆ ಎರಡೂ ಬದಿ ಹೊತ್ತಿಕೊಂಡರೆ ಬಲ್ಬನ್ನು ಬೈಯುವ ಮುನ್ನ ಬಿಳಿ ತಂತಿಯ ತುದಿಯನ್ನು ಉಜ್ಜಿ ಬಿಗಿಯಿರಿ. ತಂತಿ ಕಚ್ಚಿಸಿದ ಜಾಗದಲ್ಲಿ ತುಕ್ಕು ಅಥವಾ ಬಣ್ಣ ಅಡ್ಡ ಬಂದಿರುವುದೇ ಹೆಚ್ಚು. ಎಂಭತ್ತು ಇಂಚಿಗಿಂತ ಅಗಲದ ಟ್ರೇಲರ್ ಆದರೆ ಹಿಂದೆ ನಡುವೆ ಮೂರು ದೀಪಗಳ ಸಾಲೂ ಬೇಕು.

ಬ್ರೇಕಿನ ಕಾನೂನು ಒಂದೊಂದು ಕಡೆ ಒಂದೊಂದು. ಅಮೆರಿಕದ ಹಲವು ರಾಜ್ಯಗಳಲ್ಲಿ ಒಟ್ಟು ತೂಕ 3,000 ಪೌಂಡು ಮುಟ್ಟಿದರೆ ಟ್ರೇಲರ್‌ಗೂ ಬ್ರೇಕ್ ಬೇಕು, ಬ್ರಿಟನ್ನಿನಲ್ಲಿ 750 ಕಿಲೋ ಮೀರಿದರೆ. ಆಸ್ಟ್ರೇಲಿಯದಲ್ಲಿ 750 ಕಿಲೋ ದಾಟಿದರೆ ಕನಿಷ್ಠ ಒಂದು ಅಚ್ಚಿಗೆ, 2,000 ಕಿಲೋ ದಾಟಿದರೆ ಎಲ್ಲ ಚಕ್ರಗಳಿಗೆ. ದೋಣಿಯ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಇರುವುದು ಸರ್ಜ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುನ್ನುಗ್ಗಿ ಕಪ್ಲರ್‌ ಅನ್ನು ಒತ್ತುತ್ತದೆ, ಆ ಒತ್ತೇ ಹೈಡ್ರಾಲಿಕ್ ಎಣ್ಣೆಯನ್ನು ಚಕ್ರಗಳಿಗೆ ನೂಕುತ್ತದೆ. ನೀರಿಗೆ ಮುಳುಗುವ ಬಂಡಿಗೆ ವಿದ್ಯುತ್ತಿನ ಬ್ರೇಕಿಗಿಂತ ಇದು ವಾಸಿ. ಟ್ರೇಲರ್ ಕಳಚಿದರೆ ತಾನೇ ಬ್ರೇಕ್ ಹಿಡಿಸುವ ತೆಳು ಕೇಬಲ್ ಒಂದಿರುತ್ತದೆ. ಅದನ್ನು ಸುರಕ್ಷಾ ಸರಪಳಿಗೆ ಸುತ್ತದೆ ಕಾರಿನ ಹಿಚ್‌ಗೆ ನೇರವಾಗಿ ಸಿಕ್ಕಿಸಬೇಕು.

ರಸ್ತೆಯಲ್ಲಿ, ನೀರಿನಂಚಿನಲ್ಲಿ

ಹೊರಟ ಹದಿನೈದು ಇಪ್ಪತ್ತು ನಿಮಿಷಕ್ಕೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಪಟ್ಟಿಗಳು ಸಡಿಲವಾಗಿರುತ್ತವೆ, ಬಿಗಿಯಿರಿ. ಎರಡೂ ಗುಂಬಗಳ ಹತ್ತಿರ ಮೊದಲು ಅಂಗೈ ಒಡ್ಡಿ, ಆಮೇಲೆ ಮುಟ್ಟಿ. ಬೆಚ್ಚಗಿದ್ದರೆ ಸರಿ; ಕೈ ಇಡಲಾಗದಷ್ಟು ಬಿಸಿಯಿದ್ದರೆ, ಅಥವಾ ಒಂದಕ್ಕಿಂತ ಇನ್ನೊಂದು ಬಹಳ ಬಿಸಿಯಿದ್ದರೆ ಅಲ್ಲಿಂದ ಮುಂದೆ ಹೋಗಬೇಡಿ. ಮುಂದಿನ ವಾಹನದಿಂದ ಎಂದಿಗಿಂತ ಎರಡು ಪಟ್ಟು ಅಂತರ ಬಿಡಿ. ತಿರುವಿನಲ್ಲಿ ಟ್ರೇಲರ್ ಒಳಬದಿಯನ್ನು ಕತ್ತರಿಸಿಕೊಂಡು ಬರುತ್ತದೆ, ಅದಕ್ಕೆ ಜಾಗ ಉಳಿಸಿ ಅಗಲವಾಗಿ ತಿರುಗಿಸಿ. ಓಲಾಟ ಶುರುವಾದರೆ ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಎದುರು ತಿರುಗಿಸುವುದು, ಗಕ್ಕನೆ ಬ್ರೇಕ್ ಒತ್ತುವುದು ಎರಡೂ ಓಲಾಟವನ್ನು ಹೆಚ್ಚಿಸುತ್ತವೆ. ನಿಂತ ಮೇಲೆ ಭಾರವನ್ನು ಮುಂದಕ್ಕೆ ಸರಿಸಿದ ಹೊರತು ಮತ್ತೆ ಹೊರಡಬೇಡಿ.

ಹಿಂದಕ್ಕೆ ಓಡಿಸುವಾಗ ಕೈಯನ್ನು ಸ್ಟಿಯರಿಂಗಿನ ಕೆಳತುದಿಯಲ್ಲಿ ಇಟ್ಟುಕೊಳ್ಳಿ. ಕೈ ಯಾವ ಕಡೆ ಸರಿಯುತ್ತದೆಯೋ ಟ್ರೇಲರ್ ಆ ಕಡೆ ಹೋಗುತ್ತದೆ. ರ‍್ಯಾಂಪ್‌ಗೆ ಇಳಿಸುವ ಮುನ್ನ ದೂರದಲ್ಲೇ ನಿಂತು ದೀಪದ ಪ್ಲಗ್ ಕಳಚಿ, ಹಿಂಬದಿಯ ಪಟ್ಟಿ ಬಿಚ್ಚಿ, ದೋಣಿಯ ತಳದ ತೂತಿಗೆ ಬಿರಡೆ ಹಾಕಿ. ಬಿರಡೆ ಮರೆತು ನೀರಿಗಿಳಿಸಿದ ದೋಣಿ ದಡದಲ್ಲೇ ಮುಳುಗತೊಡಗುತ್ತದೆ. ವಿಂಚ್‌ನ ಪಟ್ಟಿಯನ್ನು ಮಾತ್ರ ದೋಣಿ ನೀರಿಗೆ ತಾಗುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಅದು ಕಾಂಕ್ರೀಟಿನ ಮೇಲೆ ಜಾರಿ ಬೀಳುತ್ತದೆ.

ಮರಳುವಾಗ ಆ ಬಿರಡೆ ತೆಗೆದು ನೀರೆಲ್ಲ ಬಸಿಯಬೇಕು. ಮಿನ್ನೆಸೋಟ, ಮಿಷಿಗನ್ ರಾಜ್ಯಗಳಲ್ಲಿ ಬಿರಡೆ ಹಾಕಿಕೊಂಡೇ ದೋಣಿ ಸಾಗಿಸುವುದು ಕಾನೂನುಬಾಹಿರ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಕಡೆಯ ಜೀಬ್ರಾ ಮಸಲ್ ಎಂಬ ಬೆರಳುಗುರಿನಷ್ಟು ಚಿಪ್ಪುಜೀವಿ ಹಡಗುಗಳ ಒಳನೀರಿನೊಂದಿಗೆ ಬಂದು 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಆಮೇಲೆ ಸರೋವರದಿಂದ ಸರೋವರಕ್ಕೆ ಅದನ್ನು ಹೊತ್ತು ಹಂಚಿದ್ದರಲ್ಲಿ ಇಂಥ ಟ್ರೇಲರ್‌ಗಳ ಪಾಲೂ ಇದೆ. ಅಂಟಿದ ಪಾಚಿ ಕಿತ್ತು, ನೀರು ಬಸಿದು, ಒಣಗಿಸಿ ಮುಂದಿನ ಸರೋವರಕ್ಕೆ ಹೋಗಿ. ಉಪ್ಪುನೀರಿನಿಂದ ಬಂದಿದ್ದರೆ ಟ್ರೇಲರ್‌ಗೆ ಸಿಹಿನೀರಿನ ಸ್ನಾನವೂ ಆಗಲಿ.

ಇಷ್ಟೆಲ್ಲ ಓದಿ ಬೆದರಬೇಕಿಲ್ಲ. ಜೋಡಣೆ ಒಂದು ಸಲದ ಕೆಲಸ, ಬೇರಿಂಗ್ ಬಿಚ್ಚಿ ನೋಡುವುದು ವರ್ಷಕ್ಕೊಮ್ಮೆ. ಪ್ರತಿ ಪ್ರಯಾಣಕ್ಕೂ ಬೇಕಿರುವುದು ಹತ್ತು ನಿಮಿಷ. ಲಾಚ್ ಮತ್ತು ಅದರ ಪಿನ್, ಸರಪಳಿ, ದೀಪ, ಟೈರಿನ ಗಾಳಿ, ಚಕ್ರದ ನಟ್ಟು, ಪಟ್ಟಿ, ಎತ್ತಿದ ಜಾಕ್, ಕೊನೆಗೆ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದದ್ದು. ದೂರದಿಂದ ಕಣ್ಣಾಡಿಸಿದರೆ ಸಾಲದು, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ. ನಿಮ್ಮ ಬಂಡಿಗೆ ಕಟ್ಟಿರುವುದು ದೂರು ಹೇಳದ ಎತ್ತು.